‘ಇನ್ಮೇಲೆ ಸೇಫ್ಟಿನೂ ನೀವೇ ನೋಡ್ಕೊಳ್ಳಿ’

ಪೀಣ್ಯ, ಬೊಮ್ಮಸಂದ್ರ, ಮೈಸೂರಿನ ಹೆಬ್ಬಾಳ, ಬೆಳಗಾವಿಯ ಉದ್ಯಮಬಾಗ್, ಮಂಗಳೂರಿನ ಬೈಕಂಪಾಡಿ. ಯಾವ ಕೈಗಾರಿಕಾ ಪ್ರದೇಶಕ್ಕೇ ಹೋಗಿ, ಐವತ್ತು–ನೂರು ಜನ ದುಡಿಯುವ ಘಟಕವೊಂದರ ಗೇಟು ದಾಟಿ ‘ಇಲ್ಲಿ ಸೇಫ್ಟಿ ಯಾರು ನೋಡ್ಕೊಳ್ತಾರೆ?’ ಎಂದು ವಿಚಾರಿಸಿ. ಬಹಳ ಕಡೆ ಎದುರಿಗೆ ಬಂದು ನಿಲ್ಲುವವರು ಸ್ಟೋರ್ಸ್ ಇನ್‌ಚಾರ್ಜ್. ಇಲ್ಲವಾದರೆ ಹಾಜರಿ, ಪಿಎಫ್ ನೋಡಿಕೊಳ್ಳುವ ಎಚ್‌ಆರ್ ವಿಭಾಗದ ಹೆಣ್ಣುಮಗಳು. ಅದೂ ಅಲ್ಲವಾದರೆ ಮೇಂಟೆನೆನ್ಸ್‌ನ ಹಿರಿಯ ಫಿಟ್ಟರ್. ಇವರ್ಯಾರೂ ಆ ಕೆಲಸವನ್ನು ಕೇಳಿ ಪಡೆದವರಲ್ಲ. ಹಿಂದಿನವರು ಬಿಟ್ಟು ಹೋದರು, ಆಡಿಟ್‌ಗೆ ಗಿರಾಕಿ ಕಂಪನಿಯವರು ಬರುವವರಿದ್ದರು, ಮಾಲೀಕರು ಕರೆದು ‘ಇನ್ಮೇಲೆ ಸೇಫ್ಟಿನೂ ನೀವೇ ನೋಡ್ಕೊಳ್ಳಿ’ ಅಂದರು. ಗೇಟಿನ ಗಾರ್ಡುಗಳು, ಸಿಸಿಟಿವಿ, ಬೀಗದ ಕೈಗೊಂಚಲು ಕೂಡ ಅದೇ ದಿನ ಅವರ ಮೇಜಿಗೆ ಬಂದವು. ತರಬೇತಿ ಮಾತ್ರ ಬರಲಿಲ್ಲ.

ಕಾನೂನು ಇಂಥ ಘಟಕಗಳನ್ನು ಹೆಚ್ಚುಕಡಿಮೆ ಅವುಗಳ ಪಾಡಿಗೆ ಬಿಟ್ಟಿದೆ. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ಸುರಕ್ಷತಾ ಅಧಿಕಾರಿಯನ್ನು ನೇಮಿಸಬೇಕಾದದ್ದು 1,000 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಡೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸುರಕ್ಷತಾ ಸಂಹಿತೆ ಆ ಸಂಖ್ಯೆಯನ್ನು 500ಕ್ಕೆ ಇಳಿಸಿತು. ಅಪಾಯಕಾರಿ ಪ್ರಕ್ರಿಯೆ ನಡೆಯುವ ಕಾರ್ಖಾನೆಗಳಿಗೆ 250. ಅರವತ್ತು ಜನರ ಪ್ರೆಸ್ ಶಾಪ್, ಎಂಬತ್ತು ಜನರ ಗಾರ್ಮೆಂಟ್ ಘಟಕ, ಮೂವತ್ತು ಜನರ ಗೋಡೌನ್ ಆಗಲೂ ಹೊರಗೇ ಇದ್ದವು, ಈಗಲೂ ಹೊರಗೇ ಇವೆ. ಬೆರಳು ಹೋಗುವುದು, ಮೈಸುಡುವುದು ಅಲ್ಲಿಯೇ ಹೆಚ್ಚು. ಅಲ್ಲಿಯ ಜನರ ಜೀವ ಕಾಯಬೇಕಾದವರು ಈ ಅನುಭವವಿಲ್ಲದವರೇ.

ಅವರಿಂದ ಈ ಕೆಲಸ ಆಗುತ್ತದೆಯೇ? ಬಹಳಷ್ಟು ಆಗುತ್ತದೆ ಎಂಬುದು ನನ್ನ ನಂಬಿಕೆ. ಎಲ್ಲವನ್ನೂ ತಿಳಿದುಕೊಂಡೇ ಶುರು ಮಾಡುತ್ತೇನೆಂದು ಹೊರಟರೆ ಆಗುವುದಿಲ್ಲ. ಯಾವುದನ್ನು ತಾನೇ ಸರಿಪಡಿಸಬಹುದು, ಯಾವುದನ್ನು ಕಂಡ ಕೂಡಲೇ ‘ನಿಲ್ಲಿಸಿ’ ಎನ್ನಬೇಕು ಎಂಬ ಗೆರೆ ಗೊತ್ತಿದ್ದರೆ ಸಾಕು, ಉಳಿದದ್ದನ್ನು ಕಲಿಯುತ್ತಾ ಹೋಗಬಹುದು.

ಹೊಸಬರ ಕೈಯಲ್ಲಿ ಒಂದು ಅನುಕೂಲವೂ ಇದೆ. ಹತ್ತು ವರ್ಷದಿಂದ ಅದೇ ಶೆಡ್ಡಿನಲ್ಲಿ ಓಡಾಡುವವರಿಗೆ ಗಾರ್ಡ್ ಇಲ್ಲದ ಬೆಲ್ಟು, ನೆಲದ ಮೇಲೆ ಹರಿದಾಡುವ ವೈರು, ಸುಲಿದ ಪ್ಲಗ್ಗು ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಹೊಸಬರಿಗೆ ಮೊದಲ ವಾರ ಅವೆಲ್ಲ ಕಾಣುತ್ತವೆ, ಕಂಡು ಎದೆ ಝಲ್ಲೆನ್ನುತ್ತದೆ. ಆ ಭಯ ಹೋಗುವ ಮೊದಲೇ ಒಂದು ನೋಟ್‌ಬುಕ್ ಹಿಡಿದು ಬರೆದಿಟ್ಟುಕೊಳ್ಳಬೇಕು. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಇನ್ನೂರು ಪ್ರಶ್ನೆಗಳ ಚೆಕ್‌ಲಿಸ್ಟ್ ಆಮೇಲೆ ನೋಡಿದರಾಯಿತು. ಮೂರೂ ಪಾಳಿಯಲ್ಲಿ ಒಂದೊಂದು ಸುತ್ತು ಹಾಕಲೇಬೇಕು. ರಾತ್ರಿ ಎರಡು ಗಂಟೆಯ ಕಾರ್ಖಾನೆ ಹಗಲಿನದಲ್ಲ. ದೀಪ ಕಡಿಮೆ, ಸೂಪರ್‌ವೈಸರ್ ಒಬ್ಬರೇ, ನಿದ್ದೆಗಣ್ಣು, ಮುಂಬಾಗಿಲಿಗೆ ಬೀಗ.

ಪವರ್ ಪ್ರೆಸ್ಸಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ. ತಗಡನ್ನು ಡೈ ಮೇಲಿಟ್ಟರೆ ಮೇಲಿನಿಂದ ರ‍್ಯಾಮ್ ಬಂದು ಬಡಿಯುತ್ತದೆ. ತಗಡಿನ ಬದಲು ಬೆರಳಿದ್ದರೂ ಅಷ್ಟೇ. ಅದಕ್ಕಾಗಿಯೇ ಎರಡು ಗುಂಡಿಗಳ ವ್ಯವಸ್ಥೆ: ಎಡಗೈಗೊಂದು, ಬಲಗೈಗೊಂದು, ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ಸು ಇಳಿಯಬೇಕು. ಎರಡೂ ಕೈ ಗುಂಡಿಯ ಮೇಲಿದ್ದರೆ ಡೈ ಒಳಗೆ ಕೈ ಇರಲು ಸಾಧ್ಯವೇ ಇಲ್ಲ. ಈಗ ಹತ್ತಿರ ಹೋಗಿ ನೋಡಿದರೆ ಎಡಗಡೆಯ ಗುಂಡಿಯ ಮೇಲೆ ಇನ್ಸುಲೇಶನ್ ಟೇಪು ಬಿಗಿಯಾಗಿ ಸುತ್ತಿರುತ್ತದೆ. ಅದು ಸದಾ ಒತ್ತಿಕೊಂಡೇ ಇರುತ್ತದೆ. ಆಪರೇಟರ್ ಬಲಗೈಯಲ್ಲಿ ಇನ್ನೊಂದನ್ನು ಒತ್ತುತ್ತಾ ಎಡಗೈಯಲ್ಲಿ ತಗಡು ತಳ್ಳುತ್ತಿರುತ್ತಾರೆ. ‘ಯಾಕಣ್ಣ, ಟೇಪ್ ಯಾಕೆ?’ ಎಂದು ಕೇಳಿದರೆ ಸಿಗುವ ಉತ್ತರ ಎಲ್ಲ ಕಡೆಯೂ ಒಂದೇ: ‘ಎರಡೂ ಕೈಲಿ ಒತ್ಕೊಂಡು ಕೂತ್ರೆ ಟಾರ್ಗೆಟ್ ಆಗಲ್ಲ ಸಾರ್.’

ಇಲ್ಲಿ ಆಪರೇಟರ್‌ನನ್ನು ಗದರಿಸಿ, ಟೇಪು ಕಿತ್ತು, ಗೋಡೆಗೊಂದು ‘ಸುರಕ್ಷತೆ ಮೊದಲು’ ಪೋಸ್ಟರ್ ಅಂಟಿಸಿ ಬಂದರೆ ಮಾರನೆಯ ದಿನ ಹೊಸ ಟೇಪು ಬಂದಿರುತ್ತದೆ. ಟೇಪು ಸುತ್ತಿಸಿದ್ದು ಟಾರ್ಗೆಟ್ಟು. ಗಂಟೆಗೆ ಇಷ್ಟು ಪೀಸ್ ಎಂದು ನಿಗದಿ ಮಾಡುವಾಗ ಎರಡು ಗುಂಡಿ ಒತ್ತುವ ಹೊತ್ತನ್ನೂ ಲೆಕ್ಕ ಹಿಡಿದಿದ್ದರೇ ಎಂದು ಪ್ರೊಡಕ್ಷನ್ ಮ್ಯಾನೇಜರನ್ನು ಕೇಳಬೇಕು. ಒಂದು ಗುಂಡಿ ಒತ್ತಿಯೇ ಇದ್ದರೆ ಪ್ರೆಸ್ಸು ಕೆಲಸವನ್ನೇ ಮಾಡದಂತೆ ವೈರಿಂಗ್ ಬದಲಿಸಲು ಬರುತ್ತದೆ, ಒಳ್ಳೆಯ ಎಲೆಕ್ಟ್ರಿಷಿಯನ್‌ಗೆ ಅದು ಗೊತ್ತಿರುತ್ತದೆ. ಅಪಾಯವನ್ನೇ ತೆಗೆದುಹಾಕಲು ಆಗುತ್ತದೆಯೇ ಎಂದು ಮೊದಲು ನೋಡಬೇಕು. ಆಗದಿದ್ದರೆ ಅದಕ್ಕೆ ಬೇಲಿ ಹಾಕಬೇಕು. ಆಮೇಲೆ ನಿಯಮ, ತರಬೇತಿ. ಹೆಲ್ಮೆಟ್ಟು, ಗ್ಲೌಸು ಕಟ್ಟಕಡೆಗೆ. ಸುರಕ್ಷತಾ ವಿಷಯ ಓದಿದವರೆಲ್ಲ ಒಪ್ಪುವ ಕ್ರಮ ಇದು, ಆದರೆ ನಮ್ಮ ಘಟಕಗಳಲ್ಲಿ ನಡೆಯುವುದು ತಲೆಕೆಳಗು. ಮೊದಲ ದಿನವೇ ನೂರು ಜೊತೆ ಗ್ಲೌಸು ಬರುತ್ತವೆ, ಬೆಲ್ಟಿನ ಗಾರ್ಡು ವರ್ಷವಾದರೂ ಬರುವುದಿಲ್ಲ. ಗ್ಲೌಸಿನ ಬಗ್ಗೆ ಇನ್ನೂ ಒಂದು ಮಾತು: ಡ್ರಿಲ್ಲಿಂಗ್ ಮಷೀನು, ಲೇತಿನಂಥ ತಿರುಗುವ ಯಂತ್ರದ ಹತ್ತಿರ ಬಟ್ಟೆಯ ಗ್ಲೌಸೇ ಅಪಾಯ. ಅದರ ಒಂದು ಎಳೆ ಸಿಕ್ಕಿಕೊಂಡರೆ ಕೈಯನ್ನೇ ಒಳಗೆಳೆಯುತ್ತದೆ.

ಯಂತ್ರದ ಬಗ್ಗೆ ಏನೂ ಗೊತ್ತಿಲ್ಲದವರು ಇದನ್ನೆಲ್ಲ ಎಲ್ಲಿಂದ ತಿಳಿಯಬೇಕು? ಯಂತ್ರದ ಮುಂದೆ ನಿಂತವರಿಂದ. ‘ಏನಾದ್ರೂ ಪ್ರಾಬ್ಲಂ ಇದ್ಯಾ?’ ಎಂದರೆ ‘ಏನಿಲ್ಲ ಮೇಡಂ’ ಎನ್ನುತ್ತಾರೆ, ಕೆಲಸ ಹೋದೀತೆಂಬ ಹೆದರಿಕೆ. ಅದರ ಬದಲು ‘ಹೊಸ ಹುಡುಗ ಬಂದ್ರೆ ಯಾವ ಮಷೀನ್ ಹತ್ರ ಹೋಗ್ಬೇಡ ಅಂತೀರಾ?’ ಎಂದು ಕೇಳಿದರೆ ಮಾತು ತಾನಾಗಿ ಹೊರಡುತ್ತದೆ. ಯಾವ ಹಾಯ್ಸ್ಟಿನ ಬ್ರೇಕ್ ಜಾರುತ್ತದೆ, ಯಾವ ಪ್ಯಾನೆಲ್ ಮುಟ್ಟಿದರೆ ಜುಂ ಎನ್ನುತ್ತದೆ, ಮಳೆಗಾಲದಲ್ಲಿ ಶೆಡ್ಡಿನ ಯಾವ ಮೂಲೆ ಸೋರುತ್ತದೆ, ಎಲ್ಲವೂ ಅವರಿಗೆ ಗೊತ್ತು. ಹೇಳಿದ್ದರಲ್ಲಿ ಒಂದನ್ನಾದರೂ ಆ ವಾರವೇ ಸರಿಮಾಡಿಸಿ ತೋರಿಸಬೇಕು, ಇಲ್ಲವಾದರೆ ಎರಡನೆಯ ಸಲ ಯಾರೂ ಬಾಯಿ ಬಿಡುವುದಿಲ್ಲ.

ಭಾಷೆಯ ವಿಷಯ ಬಹಳ ದೊಡ್ಡದು. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕದಲ್ಲಿ ಸತ್ತ ಐವರು ಪಶ್ಚಿಮ ಬಂಗಾಳದವರು. 2023ರ ಡಿಸೆಂಬರ್‌ನಲ್ಲಿ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದಲ್ಲಿ ಮೆಕ್ಕೆಜೋಳದ ಸಂಗ್ರಹ ಘಟಕ ಕುಸಿದು ಮೂಟೆಗಳಡಿ ಸಿಕ್ಕಿ ತೀರಿಕೊಂಡ ಏಳು ಮಂದಿ ಬಿಹಾರದವರು. ನಮ್ಮ ನಾಡಿನ ಅತಿ ಅಪಾಯದ ಕೆಲಸಗಳನ್ನು ಮಾಡುತ್ತಿರುವವರಲ್ಲಿ ಕನ್ನಡವಾಗಲಿ ಇಂಗ್ಲಿಷಾಗಲಿ ಓದಲು ಬಾರದವರು ಸಾವಿರಾರು ಜನ ಇದ್ದಾರೆ. ಅವರ ಪಾಲಿಗೆ ‘ಅಪಾಯ’ ಎಂದು ಬರೆದ ಬೋರ್ಡು ಬರೀ ಗೀಟುಗಳು. ಚಿತ್ರ ಬೇಕು, ಅವರ ಪೈಕಿಯೇ ಒಬ್ಬರು ಅವರ ಮಾತಿನಲ್ಲಿ ಹೇಳಬೇಕು, ಹೇಳಿದ್ದು ತಿಳಿಯಿತೇ ಎಂದು ಮಾಡಿ ತೋರಿಸಲು ಕೇಳಬೇಕು.

ಮಂಗಳೂರಿನ ಘಟನೆಯನ್ನು ಸುರಕ್ಷತೆಯ ಹೊಣೆ ಹೊತ್ತ ಪ್ರತಿಯೊಬ್ಬರೂ ತಿಳಿದಿರಬೇಕು. ಮೀನಿನ ತ್ಯಾಜ್ಯದ ತೊಟ್ಟಿಯೊಳಗೆ ಒಬ್ಬರು ಕುಸಿದರು. ಅವರನ್ನು ಎತ್ತಲು ಜೊತೆಯವರು ಒಬ್ಬರ ಹಿಂದೆ ಒಬ್ಬರು ಇಳಿದರು. ಕೊಳೆತ ಪದಾರ್ಥದಿಂದ ಹೊರಡುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರವಾದದ್ದು, ತಳದಲ್ಲೇ ನಿಲ್ಲುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಪ್ರಮಾಣ ಹೆಚ್ಚಿದಂತೆ ಮೂಗೇ ಜಡವಾಗಿ ವಾಸನೆ ತಿಳಿಯದಂತಾಗುತ್ತದೆ. ‘ವಾಸನೆ ಹೋಯ್ತು, ಇಳಿಯಬಹುದು’ ಎಂದುಕೊಳ್ಳುವ ಹೊತ್ತಿಗೇ ಸಾವು ಹತ್ತಿರವಾಗಿರುತ್ತದೆ. ಮೂಗಿಗೆ ಕಟ್ಟಿದ ಕರ್ಚೀಫಾಗಲಿ, ಧೂಳಿನ ಮಾಸ್ಕಾಗಲಿ ಇಲ್ಲಿ ಏನೂ ಮಾಡದು. ಅವು ಆಮ್ಲಜನಕ ಕೊಡುವುದಿಲ್ಲ. ಅಪಾರ್ಟ್‌ಮೆಂಟಿನ ಕೊಳಚೆನೀರು ಶುದ್ಧೀಕರಣ ಘಟಕ (ಎಸ್‌ಟಿಪಿ), ಹೋಟೆಲಿನ ಪಿಟ್ಟು, ಡಿಸ್ಟಿಲರಿಯ ಟ್ಯಾಂಕು, ಬಹಳ ದಿನ ಮುಚ್ಚಿಟ್ಟ ಸಂಪು, ಎಲ್ಲ ಕಡೆಯೂ ಹೀಗೆಯೇ ಒಬ್ಬರನ್ನು ಉಳಿಸಲು ಹೋಗಿ ಇನ್ನಿಬ್ಬರು, ಮೂವರು ಸಾಯುತ್ತಾರೆ.

‘ನಿಲ್ಲಿಸಿ’ ಎನ್ನಬೇಕಾದ ಗೆರೆ ಇಲ್ಲಿದೆ. ಮುಚ್ಚಿದ ತೊಟ್ಟಿಗೆ ಇಳಿಯಬಹುದೇ ಎಂದು ತೀರ್ಮಾನಿಸುವುದು ಹೊಸಬರ ಕೆಲಸವಲ್ಲ. ಗಾಳಿಯಲ್ಲಿ ಆಮ್ಲಜನಕ ಸಾಮಾನ್ಯವಾಗಿ ಶೇ 20.9ರಷ್ಟಿರುತ್ತದೆ, ಶೇ 19.5ಕ್ಕಿಂತ ಇಳಿದರೆ ಅದು ಕೊರತೆ. ಅದನ್ನು ಅಳೆಯುವ ಗ್ಯಾಸ್ ಮೀಟರ್, ಗಾಳಿ ಊದುವ ಬ್ಲೋವರ್, ಮೈಗೆ ಹಾರ್ನೆಸ್, ಮೇಲಿನಿಂದಲೇ ಎಳೆಯಲು ಟ್ರೈಪಾಡ್, ಮೇಲೆ ಕಾವಲಿಗೆ ನಿಲ್ಲುವ ತರಬೇತಿ ಪಡೆದ ಆಳು – ಇವುಗಳಲ್ಲಿ ಒಂದಿಲ್ಲದಿದ್ದರೂ ಮುಚ್ಚಳ ತೆಗೆಯಬಾರದು. ಇನ್ನು ಶೌಚಗುಂಡಿ, ಒಳಚರಂಡಿಗೆ ಸುರಕ್ಷಾ ಸಲಕರಣೆಯಿಲ್ಲದೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕೆ ಸಕ್ಕಿಂಗ್ ಯಂತ್ರ ತರಿಸಬೇಕು, ಅಷ್ಟೇ.

ಪ್ರಶ್ನೆಯೇ ಇಲ್ಲದೆ ನಿಲ್ಲಿಸಬೇಕಾದ ಕೆಲಸಗಳು ಬಹಳ ಇಲ್ಲ. ಕರೆಂಟ್ ತೆಗೆಯದೆ ಪ್ಯಾನೆಲ್ ಬಿಚ್ಚುವುದು. ಹಗ್ಗ, ಬೆಲ್ಟ್ ಇಲ್ಲದೆ ಶೀಟಿನ ಚಾವಣಿ ಹತ್ತುವುದು. ಹಳೆಯ ಸಿಮೆಂಟ್ ಶೀಟು ಗಟ್ಟಿಯಾಗಿ ಕಂಡರೂ ಕಾಲಿಟ್ಟರೆ ಮುರಿಯುತ್ತದೆ. ಥಿನ್ನರೋ ಪೆಟ್ರೋಲೋ ಇದ್ದ ‘ಖಾಲಿ’ ಡ್ರಮ್ಮಿಗೆ ವೆಲ್ಡಿಂಗ್ ಹಿಡಿಯುವುದು. ಖಾಲಿ ಡ್ರಮ್ಮಿನಲ್ಲಿ ಉಳಿದ ಆವಿ ತುಂಬಿದ ಡ್ರಮ್ಮಿಗಿಂತ ಬೇಗ ಸಿಡಿಯುತ್ತದೆ. ಯಂತ್ರದೊಳಗೆ ಕೈಹಾಕಿ ರಿಪೇರಿ ಮಾಡುವಾಗ ಸ್ವಿಚ್ಚಿಗೆ ಬೀಗ ಹಾಕದಿರುವುದು. ಬೀಗದ ಕೀ ರಿಪೇರಿ ಮಾಡುವವರ ಜೇಬಿನಲ್ಲೇ ಇರಬೇಕು. ಕಟ್ಟಡದ ಕಂಬದಲ್ಲಿ ಹೊಸ ಬಿರುಕು ಕಂಡರೂ ಅಷ್ಟೇ, ಎಂಜಿನಿಯರ್ ಬಂದು ನೋಡುವ ತನಕ ಜನ ಹೊರಗಿರಬೇಕು. ಢಾಕಾ ಸಮೀಪದ ರಾಣಾ ಪ್ಲಾಜಾದಲ್ಲಿ ಬಿರುಕು ಕಂಡದ್ದು 2013ರ ಏಪ್ರಿಲ್ 23ರಂದು. ಕೆಳಗಿನ ಬ್ಯಾಂಕು ತನ್ನ ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಮೇಲಿನ ಗಾರ್ಮೆಂಟ್ಸ್‌ನವರು ಮಾರನೆಯ ದಿನ ಕೆಲಸಕ್ಕೆ ಕರೆದರು. ಕಟ್ಟಡ ಕುಸಿಯಿತು. ಸತ್ತವರು 1,134 ಮಂದಿ.

ಸುರಕ್ಷತೆ ಮತ್ತು ಕಾವಲು ಎರಡೂ ಒಬ್ಬರ ಕೈಗೇ ಬಂದಾಗ ಅತಿ ಕಷ್ಟದ ಪ್ರಶ್ನೆ ಬಾಗಿಲಿನದು. ಮಾಲು ಕಳುವಾಗದಿರಲೆಂದು ಹಿಂಬಾಗಿಲಿಗೆ ಬೀಗ ಬೀಳುತ್ತದೆ. ಬೆಂಕಿ ಬಿದ್ದ ದಿನ ಜನ ಓಡುವುದು ಅದೇ ಬಾಗಿಲಿಗೆ. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಗಾರ್ಮೆಂಟ್ ಕಾರ್ಖಾನೆಯಲ್ಲಿ 146 ಮಂದಿ ಸತ್ತರು, ಹೆಚ್ಚಿನವರು ವಲಸೆ ಬಂದ ಹುಡುಗಿಯರು. ಹೊರಹೋಗುವಾಗ ಎಲ್ಲರ ಚೀಲ ಒಂದೇ ಕಡೆ ತಪಾಸಣೆ ಮಾಡಲು ಅನುಕೂಲವಾಗಲೆಂದು ಒಂಬತ್ತನೆಯ ಮಹಡಿಯ ಒಂದು ಬಾಗಿಲಿಗೆ ಬೀಗವಿತ್ತು. ನೂರೊಂದು ವರ್ಷದ ಮೇಲೆ, 2012ರ ನವೆಂಬರ್‌ನಲ್ಲಿ ಢಾಕಾ ಹೊರವಲಯದ ತಾಜ್ರೀನ್ ಕಾರ್ಖಾನೆಯಲ್ಲಿ ಅದೇ ನಡೆಯಿತು. ಅಲಾರಾಂ ಹೊಡೆದಾಗ ‘ಏನಿಲ್ಲ, ಕೆಲಸ ಮಾಡಿ’ ಎಂದು ತಡೆದದ್ದೂ ಸೇರಿ ನೂರಕ್ಕೂ ಹೆಚ್ಚು ಜೀವ ಹೋದವು. ನಮ್ಮ ಬೆಂಗಳೂರಿನಲ್ಲೇ, 2010ರ ಫೆಬ್ರುವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಮಂದಿ ತೀರಿಕೊಂಡರು. ಅದು ಕಾರ್ಖಾನೆಯೂ ಅಲ್ಲ, ಕಚೇರಿಗಳಿದ್ದ ಕಟ್ಟಡ. ವಿದ್ಯುತ್ ಕೇಬಲ್‌ಗಳ ಡಕ್ಟಿನಿಂದ ಹೊಗೆ ಮಹಡಿ ಮಹಡಿಗೂ ಏರಿತು, ತುರ್ತು ದಾರಿಗಳು ಮುಚ್ಚಿದ್ದವು, ಉಸಿರುಗಟ್ಟಿದವರು ಕಿಟಕಿ ಒಡೆದು ಜಿಗಿದರು.

ಕಳ್ಳತನದ ಭಯವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ತಾಮ್ರದ ತಂತಿ, ಬಟ್ಟೆಯ ಥಾನು ಕಳೆದುಕೊಂಡ ಸಣ್ಣ ಉದ್ಯಮಿಯ ಸಂಕಟ ನಿಜವಾದದ್ದೇ. ಆದರೆ ಅದಕ್ಕೆ ದಾರಿ ಇದೆ. ಒಳಗಿನಿಂದ ತಳ್ಳಿದರೆ ತೆರೆದುಕೊಳ್ಳುವ, ಹೊರಗಿನಿಂದ ಹಿಡಿಯೇ ಇಲ್ಲದ ಪ್ಯಾನಿಕ್ ಬಾರ್ ಬಾಗಿಲು ಸಿಗುತ್ತದೆ. ತೆರೆದ ಕೂಡಲೇ ಕೂಗುವ ಬಜರ್ ಅದಕ್ಕೆ ಕೂರಿಸಬಹುದು, ಎದುರಿಗೊಂದು ಕ್ಯಾಮೆರಾ ಇಡಬಹುದು. ಅಷ್ಟು ದುಡ್ಡಿಲ್ಲದಿದ್ದರೆ ಒಳಗಿನ ಚಿಲಕವೊಂದೇ ಇರಲಿ, ಬೀಗ ಬೇಡ. ಜನ ಒಳಗಿರುವಾಗ ಯಾವ ಬಾಗಿಲಿಗೂ ಬೀಗ ಇರಕೂಡದು, ಇದರಲ್ಲಿ ರಾಜಿಯ ಮಾತೇ ಇಲ್ಲ.

ಕಾವಲಿನ ಬಗ್ಗೆ ನಾವು ಕಲಿತದ್ದೂ ಅನಾಹುತವಾದ ಮೇಲೆಯೇ. 2005ರ ಡಿಸೆಂಬರ್‌ನಲ್ಲಿ ರಾತ್ರಿ ಪಾಳಿಗೆ ಕ್ಯಾಬ್ ಹತ್ತಿದ ಬೆಂಗಳೂರಿನ ಕಾಲ್ ಸೆಂಟರ್ ಉದ್ಯೋಗಿಯ ಕೊಲೆಯಾದ ಮೇಲೆ ಚಾಲಕರ ಪೂರ್ವಾಪರ ಪರಿಶೀಲನೆಗೆ ಬಿಗಿ ಬಂತು. 2013ರ ನವೆಂಬರ್‌ನಲ್ಲಿ ಕಾರ್ಪೊರೇಷನ್ ವೃತ್ತದ ಎಟಿಎಂನಲ್ಲಿ ದಾಳಿಕೋರ ಒಳಗಿನಿಂದ ಶಟರ್ ಎಳೆದುಕೊಂಡು ಮಹಿಳೆಯೊಬ್ಬರ ಮೇಲೆ ಮಚ್ಚು ಬೀಸಿದ. ಅಲ್ಲಿ ಗಾರ್ಡ್ ಇರಲಿಲ್ಲ. ಪೊಲೀಸರು ಗಡುವು ಕೊಟ್ಟ ಮೇಲಷ್ಟೇ ಬ್ಯಾಂಕುಗಳು ಎಚ್ಚೆತ್ತವು. ಸಣ್ಣ ಘಟಕದಲ್ಲಿ ಕೇಳಿಕೊಳ್ಳಬೇಕಾದ್ದು ಸರಳ: ಕೆಲಸ ಬಿಟ್ಟವರ ಹತ್ತಿರ ಇನ್ನೂ ಕೀ ಇದೆಯೇ? ರಾತ್ರಿ ಹೊರಡುವ ಹೆಣ್ಣುಮಕ್ಕಳು ಬಸ್ ಸ್ಟಾಪಿನವರೆಗೆ ಹೇಗೆ ಹೋಗುತ್ತಾರೆ, ಆ ದಾರಿಯಲ್ಲಿ ದೀಪ ಇದೆಯೇ? ಹತ್ತು ಜನರಿದ್ದ ಕಡೆಯೂ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕೆಂದು 2013ರ ಕಾನೂನು ಹೇಳುತ್ತದೆ. ಅದು ಇದೆಯೇ, ಅದರ ಸದಸ್ಯರು ಯಾರೆಂದು ಟೈಲರಿಂಗ್ ಲೈನಿನ ಹೆಣ್ಣುಮಕ್ಕಳಿಗೆ ಗೊತ್ತೇ?

ಗಾರ್ಡಿನ ವಿಷಯದಲ್ಲಿ ಎಲ್ಲರೂ ಮಾಡುವ ಉಪೇಕ್ಷೆ ಒಂದಿದೆ. ಅವರು ಏಜೆನ್ಸಿಯವರು, ನಮ್ಮವರಲ್ಲ ಎಂದು ಮಾಕ್ ಡ್ರಿಲ್ಲಿಗೆ ಕರೆಯುವುದಿಲ್ಲ. ಭಾನುವಾರ ರಾತ್ರಿ ಶಾರ್ಟ್ ಸರ್ಕಿಟ್ ಆದರೆ ಅಲ್ಲಿರುವವರು ಅವರೊಬ್ಬರೇ. ಮೇನ್ ಸ್ವಿಚ್ ಎಲ್ಲಿದೆ, ಗ್ಯಾಸ್ ವಾಲ್ವ್ ಯಾವ ಕಡೆ ತಿರುಗಿಸಿದರೆ ಮುಚ್ಚುತ್ತದೆ, 101ಕ್ಕೋ 112ಕ್ಕೋ ಕರೆ ಮಾಡಿ ವಿಳಾಸ ಹೇಗೆ ಹೇಳಬೇಕು ಎಂದು ಅವರಿಗೇ ಮೊದಲು ಕಲಿಸಬೇಕು. ಪೀಣ್ಯದಂಥ ಕಡೆ ಒಂದೇ ಬಗೆಯ ಅಡ್ಡರಸ್ತೆಗಳಲ್ಲಿ ಅಗ್ನಿಶಾಮಕ ವಾಹನ ದಾರಿ ಹುಡುಕುತ್ತಾ ನಿಲ್ಲಬಾರದು.

ವಿದ್ಯೆಯೇ ಬೇಡದ ಪರೀಕ್ಷೆಗಳೂ ಇವೆ. ಫೈರ್ ಸಿಲಿಂಡರಿನ ಗೇಜಿನ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ ನೋಡುವುದು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಗೇಜ್ ಇರುವುದಿಲ್ಲ, ಅದನ್ನು ತೂಕ ಹಾಕಿಸಬೇಕು. ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚಾದ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತುವುದು; ಅದು ಟ್ರಿಪ್ ಆಗದಿದ್ದರೆ ಶಾಕ್ ಹೊಡೆದಾಗಲೂ ಕಾಪಾಡುವುದಿಲ್ಲ. ಸಿಲಿಂಡರ್ ಬಳಸುವುದನ್ನು ಒಮ್ಮೆ ಎಲ್ಲರ ಕೈಯಲ್ಲೂ ಮಾಡಿಸಬೇಕು. ಒಂದು ಸಣ್ಣ ಸಿಲಿಂಡರ್ ಅರ್ಧ ನಿಮಿಷವೂ ಬರುವುದಿಲ್ಲ ಎಂಬುದು ಕೈಯಲ್ಲಿ ಹಿಡಿದವರಿಗಷ್ಟೇ ತಿಳಿಯುತ್ತದೆ. ಅಷ್ಟರಲ್ಲಿ ಆರದ ಬೆಂಕಿಯೊಂದಿಗೆ ಹೋರಾಡಬಾರದು, ಹೊರಗೆ ಬಂದು ತಲೆ ಎಣಿಸಬೇಕು.

ಏಟಾದಾಗ ಮುಚ್ಚಿಡುವ ಚಾಳಿ ಇನ್ನೊಂದು ದೊಡ್ಡ ಪಿಡುಗು. ಹತ್ತಿರದ ಕ್ಲಿನಿಕ್ಕಿನಲ್ಲಿ ಹೊಲಿಗೆ ಹಾಕಿಸಿ, ‘ಮನೇಲಿ ಬಿದ್ದೆ ಅಂತ ಹೇಳು’ ಎಂದು ಕೈಗೆ ಸ್ವಲ್ಪ ದುಡ್ಡು ತುರುಕುತ್ತಾರೆ. 48 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಕೆಲಸ ಮಾಡಲಾಗದಷ್ಟು ಗಾಯವಾದರೆ ಕಾರ್ಖಾನೆಗಳ ಇಲಾಖೆಗೆ ತಿಳಿಸಲೇಬೇಕು. ಏಟನ್ನು ಮುಚ್ಚಿಟ್ಟರೆ ಇಎಸ್‌ಐನಿಂದ ಆ ಕಾರ್ಮಿಕನಿಗೆ ಸಿಗಬೇಕಾದ, ಸಂಬಳದ ಶೇ 90ರಷ್ಟು ಪರಿಹಾರವೂ, ಮುಂದೆ ಅಂಗವೈಕಲ್ಯ ಉಳಿದರೆ ಬರಬೇಕಾದ ಪಿಂಚಣಿಯೂ ಕೈತಪ್ಪುತ್ತದೆ. ಇಂಥ ಸುಳ್ಳಿಗೆ ಸಹಿ ಹಾಕೆಂದು ಹೇಳಿದರೆ ಹೊಸಬರು ಹಾಕಬಾರದು. ಕೂದಲೆಳೆಯಲ್ಲಿ ತಪ್ಪಿದ ಅನಾಹುತಗಳನ್ನೂ ಬರೆದಿಡಬೇಕು; ಮೇಲಿನಿಂದ ಸ್ಪ್ಯಾನರ್ ಬಿದ್ದು ಯಾರಿಗೂ ತಾಗಲಿಲ್ಲವೆಂದರೆ ಅದು ಪುಕ್ಕಟೆ ಸಿಕ್ಕ ಎಚ್ಚರಿಕೆ.

ಕಲಿಯುವ ಮನಸ್ಸಿದ್ದವರಿಗೆ ದಾರಿಗಳಿವೆ. 1966ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸುರಕ್ಷತಾ ಮಂಡಳಿಯ ಕರ್ನಾಟಕ ಶಾಖೆ ಬೆಂಗಳೂರಿನಲ್ಲಿದೆ. ರೆಡ್‌ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಗಳು ಪ್ರಥಮ ಚಿಕಿತ್ಸೆ ಕಲಿಸುತ್ತವೆ. ಯಂತ್ರ ತಯಾರಿಸಿದ ಕಂಪನಿಯ ಸರ್ವಿಸ್ ಎಂಜಿನಿಯರ್ ಬಂದಾಗ ಅವರ ಹಿಂದೆಯೇ ನಿಂತು ಕೇಳಿದರೂ ಬಹಳ ತಿಳಿಯುತ್ತದೆ.

ಮಾಲೀಕರಲ್ಲಿ ಒಂದು ಮನವಿ ಇದೆ. ಭೋಪಾಲ್ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಂದ ತಿದ್ದುಪಡಿ ಕಾರ್ಮಿಕರ ಸುರಕ್ಷತೆಯ ಹೊಣೆಯನ್ನು ಕಾರ್ಖಾನೆಯ ಅಧಿಭೋಗದಾರರ, ಅಂದರೆ ನಿಮ್ಮ ಮೇಲೆಯೇ ಹೊರಿಸಿತು. ಸ್ಟೋರ್ಸ್‌ನವರಿಗೋ ಎಚ್‌ಆರ್ ಹುಡುಗಿಗೋ ವಹಿಸಿದ ಮಾತ್ರಕ್ಕೆ ಅದು ಕಳಚುವುದಿಲ್ಲ. ಅವರಿಗೆ ಕೆಲಸ ಕೊಟ್ಟಿದ್ದೀರಿ, ಅಧಿಕಾರವನ್ನೂ ಕೊಡಿ. ‘ಅಪಾಯ ಕಂಡಾಗ ಯಾವುದೇ ಯಂತ್ರ, ಯಾವುದೇ ಕೆಲಸವನ್ನು ಇವರು ನಿಲ್ಲಿಸಬಹುದು, ಅದರಿಂದಾದ ಉತ್ಪಾದನೆಯ ನಷ್ಟಕ್ಕೆ ಇವರನ್ನು ಹೊಣೆ ಮಾಡುವುದಿಲ್ಲ’ ಎಂದು ಲೆಟರ್‌ಹೆಡ್ಡಿನ ಮೇಲೆ ಬರೆದು, ಸಹಿ ಹಾಕಿ, ನೋಟಿಸ್ ಬೋರ್ಡಿಗೆ ಹಚ್ಚಿ. ಬೆಲ್ಟಿನ ಗಾರ್ಡು, ಆರ್‌ಸಿಸಿಬಿಯಂಥ ಸಣ್ಣ ಖರ್ಚಿಗೆ ನಿಮ್ಮನ್ನು ಕೇಳದೆ ಬಳಸಬಹುದಾದ ಒಂದಿಷ್ಟು ಹಣ ಎತ್ತಿಡಿ. ಅವರು ಮೊದಲ ಸಲ ಒಂದು ಯಂತ್ರ ನಿಲ್ಲಿಸಿದ ದಿನ, ಪ್ರೊಡಕ್ಷನ್ ಮ್ಯಾನೇಜರ್ ಸಿಟ್ಟಿನಿಂದ ನಿಮ್ಮ ಕೋಣೆಗೆ ಬಂದಾಗ, ದಯವಿಟ್ಟು ಅವರ ಪರವಾಗಿ ನಿಲ್ಲಿ.